ಎತ್ತಿನ ಹೊಟ್ಟೆಯ ಅಯಸ್ಕಾಂತ

ಪಶು ಆಸ್ಪತ್ರೆಯ ಕೆಲಸಕ್ಕೆ ಹೊಸದಾಗಿ ಸೇರಿದ ನಾಲ್ಕೈದು ಜನ ಕಳೆದ ತಿಂಗಳು ಚಳ್ಳಕೆರೆಯ ನನ್ನ ಮನೆಗೆ ಬಂದಿದ್ದರು. "ಸರ್, ನಿಮ್ಮ ಅನುಭವ ಹೇಳಿ, ನಮಗೆ ಉಪಯೋಗ ಆಗುತ್ತೆ" ಎಂದರು. ಕಾಫಿ ಕೊಟ್ಟು, ಯಾವ ರಸ್ತೆ ಕೆಟ್ಟಿದೆ, ಯಾವ ಊರಿನ ಎಮ್ಮೆಗಳು ಒದೆಯುತ್ತವೆ, ಯಾವ ಊರಿನಲ್ಲಿ ಎಮ್ಮೆಗಿಂತ ಯಜಮಾನರೇ ಜೋರು ಎಂದೆಲ್ಲ ಹೇಳಿ ನಗಿಸಿ ಕಳಿಸಿದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಎದುರಿಗೆ ಕೂತವರಿಗೆ ಅದನ್ನು ಹೇಳುವ ಧೈರ್ಯ ನನಗಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಡಾಕ್ಟರ ಕೈಕೆಳಗಿನ ಇನ್‌ಸ್ಪೆಕ್ಟರು. ಲಸಿಕೆ ಹಾಕುವುದು, ಗಾಯ ತೊಳೆಯುವುದು, ರಿಜಿಸ್ಟರ್ ಬರೆಯುವುದು ನನ್ನ ಕೆಲಸ. ಆದರೆ ಬೈಕಿನ ಹಿಂದೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿಗೆ ಹೋದವನನ್ನು ಜನ "ಡಾಕ್ಟ್ರೇ" ಎಂದೇ ಕರೆಯುತ್ತಾರೆ. ಮೊದಲ ವರ್ಷ ತಿದ್ದುತ್ತಿದ್ದೆ. ಎರಡನೇ ವರ್ಷ ತಿದ್ದುವುದು ಬಿಟ್ಟೆ. ಮೂರನೇ ವರ್ಷಕ್ಕೆ ನಾನೇ ನಂಬಿಬಿಟ್ಟೆ. ನನ್ನ ಎಲ್ಲ ತಪ್ಪುಗಳೂ ಅಲ್ಲಿಂದಲೇ ಶುರುವಾದವು ಎಂದು ಈಗ ಅನ್ನಿಸುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿದ್ದಾಪುರದಲ್ಲಿ ಒಂದು ಎಮ್ಮೆ ಮೇವು ಬಿಟ್ಟಿತ್ತು. ಅಜೀರ್ಣ ಎಂದು ತೀರ್ಮಾನಿಸಿ ಮೂರು ದಿನ ಪುಡಿ ಕಲಸಿ ಕುಡಿಸಿದೆ. ನಾಲ್ಕನೇ ದಿನ ಅದು ನಿಂತಲ್ಲೇ ಕುಸಿಯಿತು. ನಮ್ಮ ಡಾಕ್ಟರು ಬಂದು ಕೊಯ್ದು ನೋಡಿದರು. ಹೊಟ್ಟೆಯಿಂದ ಗುಂಡಿಗೆಯವರೆಗೆ ಒಂದು ದಬ್ಬಣ ಚುಚ್ಚಿಕೊಂಡಿತ್ತು. ಶೇಂಗಾ ಚೀಲ ಹೊಲಿಯುವ ದಬ್ಬಣ. ಹೊಟ್ಟಿನ ರಾಶಿಯಲ್ಲಿ ಬಿದ್ದುಹೋಗಿದ್ದನ್ನು ಮನೆಯವರು ಎರಡು ದಿನ ಹುಡುಕಿ ಕೈಬಿಟ್ಟಿದ್ದರಂತೆ. ಡಾಕ್ಟರು ಅದನ್ನು ತೊಳೆದು ನನ್ನ ಅಂಗೈ ಮೇಲಿಟ್ಟು, "ಇದಕ್ಕೆ ಪುಡಿ ಕುಡಿಸಿದ್ರಲ್ಲ, ಕರಗ್ತಾ?" ಎಂದರು. ಎಮ್ಮೆಯ ಯಜಮಾನಿ ಅಲ್ಲೇ ನಿಂತಿದ್ದಳು. ನನಗೆ ತಲೆ ಎತ್ತಲಾಗಲಿಲ್ಲ.

ಆ ಡಾಕ್ಟರು ಸಿಡುಕಿನ ಮನುಷ್ಯ, ಆದರೆ ಕಲಿಸುವುದರಲ್ಲಿ ಜಿಪುಣತನ ಇರಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಹೇಳಿದರು. ದನ ಬಾಯಿಗೆ ಬಂದದ್ದನ್ನು ಆರಿಸುವುದಿಲ್ಲ, ಮೊದಲು ನುಂಗುತ್ತದೆ, ಆಮೇಲೆ ಪುರುಸೊತ್ತಾಗಿ ಮೆಲುಕು ಹಾಕುತ್ತದೆ. ನುಂಗಿದ್ದರಲ್ಲಿ ಮೊಳೆ, ತಂತಿ ಇದ್ದರೆ ಅದು ಜೇನುಹುಟ್ಟಿನಂಥ ಎರಡನೇ ಹೊಟ್ಟೆಗೆ ಬಿದ್ದು ಅಲ್ಲೇ ಕೂರುತ್ತದೆ. ಆ ಹೊಟ್ಟೆಗೂ ಗುಂಡಿಗೆಗೂ ನಡುವೆ ಇರುವುದು ತೆಳ್ಳನೆಯ ಒಂದು ಪರದೆ. ಹೊಟ್ಟೆ ಹಿಂಡಿದಾಗೆಲ್ಲ ಮೊಳೆ ಮುಂದಕ್ಕೆ ಸರಿಯುತ್ತದೆ. "ಒಳಗೆ ಚುಚ್ಚಿರೋ ದನ ಮುಂಗಾಲಿನ ಮೊಣಕೈ ಹೊರಗೆ ಮಾಡಿ ನಿಲ್ಲುತ್ತೆ. ಬೆನ್ನು ಗೂನು ಮಾಡುತ್ತೆ. ಇಳಿಜಾರಿನಲ್ಲಿ ಇಳಿಯೋಲ್ಲ. ಹೆಗಲ ಮೇಲೆ ಚಿವುಟಿದರೆ ನರಳುತ್ತೆ. ಎಲ್ಲಾ ಅದೇ ಹೇಳುತ್ತೆ ಕಣ್ರಿ, ನೀವು ನೋಡೋಲ್ಲ ಅಷ್ಟೆ" ಎಂದರು. ನಾನು ಆವತ್ತೇ ಡೈರಿಯಲ್ಲಿ ಬರೆದುಕೊಂಡೆ. ಬರೆದುಕೊಂಡದ್ದನ್ನು ಆಮೇಲೆ ಎಷ್ಟೋ ಜನರಿಗೆ ಜಂಬದಿಂದ ಹೇಳಿದ್ದೂ ಉಂಟು.

ಚುಚ್ಚಿದೆ ಎಂದು ಗೊತ್ತಾದರೆ ಡಾಕ್ಟರು ಪಕ್ಕೆಯಲ್ಲಿ ಕೊಯ್ದು, ತೋಳಿನವರೆಗೆ ಕೈ ಹಾಕಿ, ತಡಕಿ ತೆಗೆಯುತ್ತಿದ್ದರು. ಅವರ ಕೈಯಿಂದ ಏನೇನೋ ಬಂದದ್ದನ್ನು ನೋಡಿದ್ದೇನೆ: ಲಾಳದ ಮೊಳೆ, ಕಟ್ಟಡದವರು ಕಂಬಿ ಕಟ್ಟುವ ತಂತಿ, ಸೈಕಲ್ ಕಡ್ಡಿ, ಒಮ್ಮೆ ಯಾರದೋ ಮೂಗುಬಟ್ಟು. ಹೆಚ್ಚಾಗಿ ಬರುತ್ತಿದ್ದದ್ದು ಟೈರಿನೊಳಗಿನ ಸಣ್ಣ ತಂತಿ. ನಮ್ಮ ಕಡೆ ನೊಣದ ಕಾಟಕ್ಕೆ ದನದ ಹಟ್ಟಿಯ ಪಕ್ಕ ಹಳೇ ಟೈರು ಸುಡುವುದು ರೂಢಿ. ರಬ್ಬರು ಉರಿದುಹೋಗುತ್ತದೆ, ತಂತಿ ಬೂದಿಯಲ್ಲೇ ಉಳಿಯುತ್ತದೆ, ದನ ಉಪ್ಪಿನಾಸೆಗೆ ಬಂದು ಬೂದಿ ನೆಕ್ಕುತ್ತದೆ. ಎಷ್ಟು ಹೇಳಿದರೂ ಜನ ಟೈರು ಸುಡುವುದು ಬಿಡಲಿಲ್ಲ, ನೊಣ ಅಷ್ಟಿತ್ತು.

ಹೀಗಿರುವಾಗ ಒಂದು ದಿನ ಡಾಕ್ಟರು, "ಬೇರೆ ದೇಶದಲ್ಲಿ ದನಕ್ಕೆ ಅಯಸ್ಕಾಂತ ನುಂಗಿಸ್ತಾರಂತೆ. ಅದು ಅದೇ ಹೊಟ್ಟೆಯಲ್ಲಿ ಕೂತು, ಬಂದ ಕಬ್ಬಿಣವನ್ನೆಲ್ಲ ಮೈಗೆ ಅಂಟಿಸಿಕೊಳ್ಳುತ್ತೆ, ಚುಚ್ಚೋಕೆ ಬಿಡೋಲ್ಲ. ನಮಗೂ ತರಿಸಬೇಕು" ಎಂದರು. ತರಿಸುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಅವರಿಗೆ ನನ್ನ ಚುರುಕುತನ ತೋರಿಸಬೇಕಿತ್ತು. ಚಳ್ಳಕೆರೆ ಪೇಟೆಯಲ್ಲಿ ರೇಡಿಯೋ, ಟೀವಿ, ಮೈಕ್ ಸೆಟ್ಟು ರಿಪೇರಿ ಮಾಡುವ ಬಾಷಾ ನನಗೆ ಪರಿಚಯ. ನೇರವಾಗಿ ಅವನ ಅಂಗಡಿಗೆ ಹೋಗಿ, "ಒಂದು ಮ್ಯಾಗ್ನೆಟ್ ಕೊಡು, ಹಸುಗೆ ನುಂಗಿಸಬೇಕು" ಎಂದೆ.

ಬಾಷಾ ಕನ್ನಡಕದ ಮೇಲಿಂದ ನೋಡಿದ. "ಅರೆ ಸಾಬ್, ಹಸು ಹಾಡು ಹೇಳಬೇಕಾ?"

ಅವನಿಗೆ ವಿಷಯ ವಿವರಿಸಿದೆ. ಅವನು ಕೆಟ್ಟ ಸ್ಪೀಕರೊಂದನ್ನು ಬಿಚ್ಚಿ ಹಿಂದಿನ ಮ್ಯಾಗ್ನೆಟ್ ತೆಗೆದು, ಸ್ಕ್ರೂ ತುಂಬಿದ ತಟ್ಟೆಯ ಮೇಲೆ ಆಡಿಸಿದ. ಕಬ್ಬಿಣದ ಸ್ಕ್ರೂಗಳು ಎದ್ದು ಅಂಟಿಕೊಂಡವು. ಹಿತ್ತಾಳೆಯವು ತಟ್ಟೆಯಲ್ಲೇ ಉಳಿದವು. ಆಮೇಲೆ ಸ್ಪೀಕರಿನೊಳಗಿನ ತಾಮ್ರದ ಸುರುಳಿಯನ್ನು ತೋರಿಸಿ, ಅದಕ್ಕೂ ಮ್ಯಾಗ್ನೆಟ್ ತಾಕಿಸಿದ. ಏನೂ ಆಗಲಿಲ್ಲ.

"ನೋಡಿದ್ರಾ? ಇದಕ್ಕೂ ಅದಕ್ಕೂ ದೋಸ್ತಿ ಇಲ್ಲ. ಈಗ ನೋಡ್ರಿ." ಇನ್ನೊಂದು ಸರಿಯಿದ್ದ ಸ್ಪೀಕರು ಎತ್ತಿಕೊಂಡು, ಅದರ ಎರಡು ತಂತಿಗೆ ಟಾರ್ಚಿನ ಸೆಲ್ಲು ಮುಟ್ಟಿಸಿದ. ಕಾಗದದ ಬಟ್ಟಲು ಟಪ್ಪೆಂದು ಮುಂದಕ್ಕೆ ನೆಗೆಯಿತು. ಸೆಲ್ಲನ್ನು ತಿರುವಿ ಮುಟ್ಟಿಸಿದ. ಈ ಸಲ ಹಿಂದಕ್ಕೆ ಸರಿಯಿತು. "ತಾಮ್ರದಾಗೆ ಕರೆಂಟ್ ಓಡಿದ್ರೆ ಮ್ಯಾಗ್ನೆಟ್ ಕೈ ಹಾಕ್ತದೆ. ಓಡೋ ಕರೆಂಟನ್ನೇ ಅದು ನೂಕೋದು. ಆ ಕಡೆ ಓಡಿದ್ರೆ ಆ ಕಡೆ ನೂಕ್ತದೆ, ಈ ಕಡೆ ಓಡಿದ್ರೆ ಈ ಕಡೆ. ಬಸ್, ಅದೇ ಹಾಡು. ಕರೆಂಟ್ ನಿಂತ್ರೆ ತಾಮ್ರನ ತಿರುಗೀನೂ ನೋಡಲ್ಲ. ದನದ ಹೊಟ್ಟೇಲಿ ಸೆಲ್ಲು ಐತಾ ಸಾಬ್? ಇಲ್ಲ. ಅಂದ್ರೆ ಕಬ್ಬಿಣ ಒಂದೇ ಹಿಡೀತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ತಿಂದ್ರೆ ನಿಮ್ಮ ಮ್ಯಾಗ್ನೆಟ್ ಸುಮ್ನೆ ಕೂತ್ಕಂತದೆ."

"ದನ ತಾಮ್ರ ಯಾಕೆ ತಿನ್ನುತ್ತೋ ಮಾರಾಯ" ಎಂದು ನಕ್ಕೆ.

ಆ ಮ್ಯಾಗ್ನೆಟ್ ಬಳೆಯಾಕಾರದ್ದು, ದನ ನುಂಗಲಾರದು. ಸುತ್ತಿಗೆಯಿಂದ ಒಡೆದೆ. ಮಡಕೆ ಚೂರಿನ ಹಾಗೆ ಮೊನಚಾಗಿ ಒಡೆಯಿತು. ಆ ಚೂರುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಬೆರಳಿಂದ ಅಂಚು ಸವರಿ ನೋಡಿ, "ಮೊಳೆ ಚುಚ್ಚಬಾರದು ಅಂತ ಗಾಜಿನ ಚೂರು ತಿನ್ನಿಸ್ತೀರೇನ್ರಿ?" ಎಂದು ಕಿರುಚಿ ಕಿಟಕಿಯಿಂದಾಚೆ ಎಸೆದರು. ಕೆಲವು ತಿಂಗಳ ಮೇಲೆ ಸರಿಯಾದ ಅಯಸ್ಕಾಂತಗಳು ಬಂದವು. ಬೆರಳುದ್ದ, ಬೆರಳು ದಪ್ಪ, ನುಣುಪಾದ ತುದಿ. ದನದ ತಲೆ ಎತ್ತಿ ಹಿಡಿದು, ನಾಲಿಗೆಯ ಬುಡದಲ್ಲಿ ಇಟ್ಟರೆ ಗುಳುಕ್ಕನೆ ಒಳಗೆ ಹೋಗುತ್ತಿತ್ತು.

ಒಳಗೆ ಹೋದದ್ದು ಸರಿಯಾದ ಜಾಗದಲ್ಲಿ ಕೂತಿದೆಯೇ ಎಂದು ತಿಳಿಯಲು ಡಾಕ್ಟರು ದಿಕ್ಸೂಚಿ ಕೊಟ್ಟರು, ಶಾಲೆಯ ಮಕ್ಕಳು ಇಟ್ಟುಕೊಳ್ಳುವಂಥದ್ದೇ. ಎಡ ಮುಂಗಾಲಿನ ಹಿಂದೆ ಎದೆಯ ಬದಿಗೆ ಹಿಡಿದರೆ, ಒಳಗೆ ಅಯಸ್ಕಾಂತ ಇದ್ದಲ್ಲಿ ಮುಳ್ಳು ಉತ್ತರವನ್ನು ಮರೆತು ದನದ ಕಡೆಗೆ ತಿರುಗುತ್ತದೆ. ಚರ್ಮ, ಮಾಂಸ, ಎಲುಬು ಯಾವುದೂ ಅದಕ್ಕೆ ಅಡ್ಡವಿಲ್ಲ. ಹಳ್ಳಿಗಳಲ್ಲಿ ಇದನ್ನು ನೋಡಲು ಜನ ಸೇರುತ್ತಿದ್ದರು. ನನಗೂ ಬಹಳ ಹಿಡಿಸಿತು. ದನದ ಕಣ್ಣು ನೋಡು, ನಿಲುವು ನೋಡು, ಸಗಣಿ ನೋಡು, ಚಿವುಟಿ ನೋಡು ಎಂಬ ತಾಪತ್ರಯ ಇಲ್ಲ. ಮುಳ್ಳು ತಿರುಗಿದರೆ ಕ್ಷೇಮ, ಮುಂದಿನ ಮನೆ.

ಈಗ ಪಾಲಯ್ಯನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದೂ ಇದನ್ನು ಮುಂದೂಡಲಿಕ್ಕೇ ಇರಬೇಕು.

ನಮ್ಮ ಕಡೆ ದೇವರ ಎತ್ತುಗಳ ಮಂದೆಗಳಿವೆ ಎಂದು ನಿಮಗೆ ಗೊತ್ತಿರುತ್ತದೆ. ಅವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ಪೂಜೆ ಮಾಡಿ ಮಣ್ಣು ಮಾಡುತ್ತಾರೆ. ಅವನ್ನು ಕಾಯುವವನಿಗೆ ಕಿಲಾರಿ ಎನ್ನುತ್ತಾರೆ, ಅವು ಇರುವ ಜಾಗಕ್ಕೆ ರೊಪ್ಪ. ಕುದಾಪುರದ ಕಡೆಯ ಒಂದು ರೊಪ್ಪಕ್ಕೆ ಪಾಲಯ್ಯ ಕಿಲಾರಿ. ಅವನ ಅಪ್ಪ, ತಾತ ಎಲ್ಲ ಅದೇ ಮಂದೆ ಕಾದವರು. ಅವನ ಹೆಂಡತಿ ಓಬಮ್ಮ ದಿನಾ ಮಧ್ಯಾಹ್ನ ಬುತ್ತಿ ತಂದು ರೊಪ್ಪದ ಬೇಲಿಯಿಂದ ಆಚೆ, ಬೇವಿನ ಮರದ ಬುಡದಲ್ಲಿ ಇಟ್ಟು ಕೂಗಿ ಹೋಗುತ್ತಿದ್ದಳು. ಬೇಲಿ ದಾಟಿ ಹೆಂಗಸರು ಬರುವ ಹಾಗಿರಲಿಲ್ಲ. ಹೊರಗಾದ ದಿನಗಳಲ್ಲಿ ಅಷ್ಟು ದೂರಕ್ಕೂ ಬರುವ ಹಾಗಿರಲಿಲ್ಲ, ಆವಾಗ ಬೇರೆ ಯಾರಾದರೂ ಬುತ್ತಿ ತರುತ್ತಿದ್ದರು. ನಾನೂ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕಿತ್ತು. ಆ ಎತ್ತುಗಳಿಗೆ ಸೂಜಿ ಚುಚ್ಚಲು ಒಪ್ಪಿಸುವುದಕ್ಕೇ ವರ್ಷಗಳು ಬೇಕಾದವು. ಕತ್ತಿ ಸೋಕಿಸುವ ಮಾತಂತೂ ಎತ್ತುವ ಹಾಗೇ ಇರಲಿಲ್ಲ. ಬದುಕಿದ್ದಾಗಲೂ ಇಲ್ಲ, ಸತ್ತ ಮೇಲೂ ಇಲ್ಲ.

ಅದಕ್ಕೇ ಪಾಲಯ್ಯನಿಗೆ ಅಯಸ್ಕಾಂತ ಅಷ್ಟು ಇಷ್ಟವಾದದ್ದು. "ಸೂಜಿಗಲ್ಲು ನುಂಗಿಸಿದ್ರೆ ಕುಯ್ಯೋದೇ ಬ್ಯಾಡ ಅಂತೀರಾ ಸಾ?" ಎಂದು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ. ಮಂದೆಯ ಹೊಣೆ ಹೊತ್ತ ಊರಿನ ಯಜಮಾನರನ್ನು ಅವನೇ ಒಪ್ಪಿಸಿದ. ಮಂದೆಯ ಪ್ರತಿಯೊಂದಕ್ಕೂ ನುಂಗಿಸಿದೆವು. ಎಲ್ಲಕ್ಕೂ ಮುಂದೆ ನಡೆಯುವ ಬಿಳಿ ಎತ್ತಿನ ಎದೆಗೆ ದಿಕ್ಸೂಚಿ ಹಿಡಿದು ಮುಳ್ಳು ತಿರುಗಿದ್ದನ್ನು ತೋರಿಸಿದಾಗ ಅವನು ಎತ್ತಿಗೂ ಕೈಮುಗಿದ, ನನಗೂ ಮುಗಿದ.

ಅವನಿಗೊಂದು ಅಭ್ಯಾಸವಿತ್ತು. ಮಂದೆ ಮೇಯಲು ಹೊರಡುವ ಮುಂಚೆ ತಾನು ಮುಂದೆ ಹೋಗಿ, ಬೂದಿಗುಡ್ಡೆ, ಕಸದ ಗುಂಡಿ, ರಸ್ತೆಯಂಚು ಎಲ್ಲ ಕೋಲಿನಿಂದ ಕೆದಕಿ, ಕಂಡ ತಂತಿ, ಮೊಳೆ, ಚೂರುಪಾರೆಲ್ಲ ಆರಿಸಿ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದ. ಅಪ್ಪ ಹೇಳಿಕೊಟ್ಟದ್ದಂತೆ. ಮೊದಲು ಇದು ಸಣ್ಣ ಕೆಲಸ. ಆಮೇಲೆ ದನ ಮೇಯುವ ಕಾವಲಿನಲ್ಲಿ ಯಾವ್ಯಾವುದೋ ಸಂಸ್ಥೆಗಳ ಗೋಡೆಗಳೆದ್ದವು, ಹುಲ್ಲಿನ ಬಯಲು ಕಿರಿದಾಯಿತು, ಮಂದೆ ರಸ್ತೆ ಬದಿಗೂ ಗುಂಡಿಗಳ ಕಡೆಗೂ ಬರುವ ಹಾಗಾಯಿತು. ದಿನಾ ಅಷ್ಟು ದೂರ ಬಗ್ಗಿ ಕೆದಕಿ ಅವನ ಸೊಂಟ ಬಿದ್ದುಹೋಗಿತ್ತು. ನಾನೇ ಹೇಳಿದೆ: "ಇನ್ನು ಯಾಕಯ್ಯ ಆರಿಸ್ತೀಯ? ಒಳಗೆ ಕಾವಲುಗಾರ ಕೂತವನೆ. ತಿಂದರೂ ಏನಾಗೊಲ್ಲ, ಆರಾಮಾಗಿರು."

"ಗ್ಯಾರಂಟಿನಾ ಸಾ?"

"ಗ್ಯಾರಂಟಿ."

ಅವನು ಆರಿಸುವುದು ಬಿಟ್ಟ. ನನ್ನ ಜೀವನದಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಅದು. ಆಡುವಾಗ ಉಪಕಾರ ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

ಒಂದೆರಡು ವರ್ಷ ಕಳೆದ ಮೇಲೆ ಬೇಸಿಗೆಯಲ್ಲಿ ಒಂದು ದಿನ ಪಾಲಯ್ಯನ ಫೋನು ಬಂತು. ಬಿಳಿ ಎತ್ತು ಮೇವು ಬಿಟ್ಟಿದೆ ಎಂದ. ಡಾಕ್ಟರು ರಜೆಯಲ್ಲಿದ್ದರು. ನಾನು ಹೋದೆ. ಎತ್ತು ಬೇಲಿಯ ಹತ್ತಿರ ಬೆನ್ನು ಗೂನು ಮಾಡಿ ನಿಂತಿತ್ತು. ಮೊಣಕೈಗಳು ಹೊರಗೆ ಚಾಚಿದ್ದವು. ತೊಟ್ಟಿಯ ಕಡೆ ಸ್ವಲ್ಪ ಇಳಿಜಾರಿದೆ, ಅಲ್ಲಿಗೆ ಇಳಿಯಲೊಲ್ಲದು ಎಂದು ಪಾಲಯ್ಯನೇ ಹೇಳಿದ. ಎಲ್ಲ ಡೈರಿಯಲ್ಲಿ ಬರೆದುಕೊಂಡ ಹಾಗೇ ಇತ್ತು. ಸಿದ್ದಾಪುರದ ಎಮ್ಮೆ ನೆನಪಾಯಿತು. ಜೇಬಿನಿಂದ ದಿಕ್ಸೂಚಿ ತೆಗೆದು ಎದೆಗೆ ಹಿಡಿದೆ. ಮುಳ್ಳು ಸರಕ್ಕನೆ ತಿರುಗಿತು. ಅಯಸ್ಕಾಂತ ಇದ್ದಲ್ಲೇ ಇದೆ. ಸಮಾಧಾನವಾಯಿತು. ಹೆಗಲು ಚಿವುಟಿ ನೋಡಲೂ ಇಲ್ಲ.

"ತಂತಿ ಗಿಂತಿ ಅಲ್ಲ. ಬಿಸಿಲಿಗೆ ಹೊಟ್ಟೆ ಕಟ್ಟಿದೆ. ಪುಡಿ ಕೊಡ್ತೀನಿ, ದಿನಾ ಎರಡು ಸಲ ನಡೆದಾಡಿಸು, ಸಡಿಲಾಗುತ್ತೆ" ಎಂದೆ.

ಹೊಸದಾಗಿ ಕೆಲಸಕ್ಕೆ ಬಂದವರೇ, ಈ ಸಾಲನ್ನು ನಿಧಾನವಾಗಿ ಓದಿ. ಚುಚ್ಚಿಕೊಂಡ ದನವನ್ನು ಕೊಯ್ಯಲಾಗದಿದ್ದರೂ ದಾರಿಯಿದೆ. ಮುಂಗಾಲಿನ ಕೆಳಗೆ ಮಣ್ಣು ಹಾಕಿ ಎತ್ತರ ಮಾಡಿ, ಅಲುಗಾಡದ ಹಾಗೆ ಕಟ್ಟಿ, ಸೂಜಿಮದ್ದು ಕೊಟ್ಟರೆ ಮೊನೆ ಹಿಂದಕ್ಕೆ ಸರಿದು ಎಷ್ಟೋ ದನ ಉಳಿಯುತ್ತವೆ. ನಡೆದಾಡಿಸಿದರೆ ಒಂದೊಂದು ಹೆಜ್ಜೆಗೂ ಮೊನೆ ಗುಂಡಿಗೆಯ ಕಡೆಗೆ ಹೋಗುತ್ತದೆ. ನಾನು ನಡೆದಾಡಿಸು ಎಂದೆ. ಪಾಲಯ್ಯ ನಾನು ಹೇಳಿದ್ದನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ನರಳುತ್ತಿದ್ದ ಎತ್ತನ್ನು "ಬಾ ನಮ್ಮಪ್ಪ, ಡಾಕ್ಟ್ರು ಹೇಳವ್ರೆ, ಬಾ" ಎಂದು ಬೇಡಿಕೊಂಡು ಬಯಲಿನ ತುಂಬ ನಡೆಸಿದ. ಆರನೇ ದಿನ ಹೋದಾಗ ಕತ್ತಿನ ನರ ಹಗ್ಗದಷ್ಟು ಉಬ್ಬಿತ್ತು, ಅದರ ಕೆಳಗೆ ಜೋಲುವ ಗಂಗೆದೊಗಲಿಗೆ ನೀರಿಳಿದಿತ್ತು. ಆಗಲೂ ದಿಕ್ಸೂಚಿ ಹಿಡಿದೆ. ಆಗಲೂ ಮುಳ್ಳು ತಿರುಗಿತು. ಎಂಟನೇ ದಿನ ಬೆಳಿಗ್ಗೆ ಎತ್ತು ಸತ್ತಿತು.

ಮಣ್ಣು ಮಾಡುವಾಗ ನಾನೂ ಇದ್ದೆ. ಅದು ಮುಗಿದ ಮೇಲೆ ಯಜಮಾನರು ಮರದ ಕೆಳಗೆ ಕೂತರು. ದೇವರ ಎತ್ತು, ಅದರಲ್ಲೂ ಮಂದೆಯ ಮುಂದಲದು, ಸುಮ್ಮನೆ ಸಾಯುವುದಿಲ್ಲ ಎಂಬುದು ಅವರ ನಂಬಿಕೆ. ಕಾರಣ ಬೇಕಿತ್ತು. ಹಿರಿಯರೊಬ್ಬರು ನನ್ನನ್ನು ಕೇಳಿದರು, "ಡಾಕ್ಟ್ರೇ, ತಂತಿ ಗಿಂತಿ ತಿಂದಿತ್ತೇನ್ರಿ?"

ಅವರು ನನಗೆ ಬಾಗಿಲು ತೆರೆದಿಟ್ಟಿದ್ದರು. "ಇರಬಹುದು" ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನು, "ಸಾಧ್ಯವೇ ಇಲ್ಲ. ಒಳಗೆ ಅಯಸ್ಕಾಂತ ಇದೆ. ಕೊನೇ ದಿನದವರೆಗೂ ನೋಡಿದೀನಿ" ಎಂದೆ.

"ಹಂಗಾರೆ ಮೈಲಿಗೆನೇ" ಎಂದರು ಅವರು.

ಎತ್ತು ಮೇವು ಬಿಟ್ಟ ಹಿಂದಿನ ದಿನ ಓಬಮ್ಮ ಬೇಲಿ ದಾಟಿ ತೊಟ್ಟಿಯವರೆಗೂ ಬಂದಿದ್ದಳು, ಆವತ್ತು ಅವಳು ಹೊರಗಾಗಿದ್ದಳು ಎಂದು ಯಾರೋ ಅಂದರು. ಓಬಮ್ಮನನ್ನು ಕರೆಸಿದರು. ಅವಳು ದೂರದಲ್ಲೇ ನಿಂತು, "ಇಲ್ಲ ಯಜಮಾನ್ರೇ. ನಾನು ಬೇಲಿ ದಾಟಿಲ್ಲ. ಹೊರಗೂ ಆಗಿರ್ಲಿಲ್ಲ. ನಮ್ಮವ್ವನ ಆಣೆ" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ನೀನಾರ ಹೇಳು. ನಿಂಗೆ ಗೊತ್ತಿಲ್ವಾ?" ಎಂದಳು.

ಪಾಲಯ್ಯ ಎಂಟು ದಿನ ಸರಿಯಾಗಿ ಉಂಡಿರಲಿಲ್ಲ. ಎತ್ತಿನ ಮಣ್ಣು ಇನ್ನೂ ಕೈಮೇಲಿತ್ತು. ಅವನು ಅವಳನ್ನೂ ನೋಡಿದ, ನನ್ನನ್ನೂ ನೋಡಿದ. "ತಂತಿ ಅಲ್ಲ ಅಂತ ಡಾಕ್ಟ್ರೇ ಹೇಳ್ತಾವ್ರಲ್ಲೇ" ಎಂದ.

ಅಷ್ಟೇ ಅವನಂದದ್ದು. ಆ ವಾರವೇ ಓಬಮ್ಮ ತವರು ಕೊಂಡ್ಲಹಳ್ಳಿಗೆ ಹೋದಳು. ಮೈಲಿಗೆಯಾದ ಮನೆಯವನು ಎಂದು ಪಾಲಯ್ಯನನ್ನು ರೊಪ್ಪದಿಂದ ಬಿಡಿಸಿದರು. ಮೂರು ತಲೆಮಾರಿನ ಕೆಲಸ ಅಲ್ಲಿಗೆ ಮುಗಿಯಿತು.

ಒಂದು ತಿಂಗಳೂ ಕಳೆದಿರಲಿಲ್ಲ. ಅದೇ ಬಯಲಿನಲ್ಲಿ ಮೇಯುತ್ತಿದ್ದ ಒಬ್ಬರ ಸಾಧಾರಣ ಹಸು ಸತ್ತಿತು. ಅದಕ್ಕೂ ನಾನೇ ಅಯಸ್ಕಾಂತ ನುಂಗಿಸಿದ್ದೆ. ಅದು ದೇವರ ಹಸು ಅಲ್ಲವಾದ್ದರಿಂದ ಡಾಕ್ಟರು ಕೊಯ್ದರು. ಎರಡನೇ ಹೊಟ್ಟೆಯಲ್ಲಿ ಅಯಸ್ಕಾಂತ ಇತ್ತು, ಮೈತುಂಬ ಟೈರಿನ ತಂತಿ, ಮೊಳೆ ಅಂಟಿಸಿಕೊಂಡು ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು. ಅದರಿಂದ ಎರಡೇ ಬೆರಳು ಆಚೆ, ಹೊಟ್ಟೆಯ ಗೋಡೆ ತೂರಿ ಗುಂಡಿಗೆಗೆ ನಾಟಿಕೊಂಡು, ಗೇಣುದ್ದದ ಒಂದು ದಪ್ಪ ತಂತಿ. ಡಾಕ್ಟರು ನೀರು ಹಾಕಿ ಉಜ್ಜಿದರು. ಕೆಂಪಗೆ ಹೊಳೆಯಿತು. ತಾಮ್ರ.

ಸಂಜೆ ಇಬ್ಬರೂ ಬಯಲಿಗೆ ಹೋಗಿ ಹುಡುಕಿದೆವು. ರಸ್ತೆಯ ಪಕ್ಕದ ಗುಂಡಿಯಲ್ಲಿ ಯಾರೋ ಗುಜರಿಯವರು ಸುಟ್ಟ ಬೋರ್‌ವೆಲ್ ಮೋಟರಿನ ಸುರುಳಿಗಳನ್ನು ಬೆಂಕಿಗೆ ಹಾಕಿ ತಾಮ್ರ ಬಿಡಿಸಿಕೊಂಡು ಹೋಗಿದ್ದರು. ತುಂಡುಗಳು ಕರಿ ಬೂದಿಯಲ್ಲಿ, ಸುತ್ತಲಿನ ಹುಲ್ಲಿನಲ್ಲಿ ಬಿದ್ದಿದ್ದವು. ಮೋಟರಿನೊಳಗೆ ಕರೆಂಟು ಹರಿಯುವಾಗ ಇದೇ ತಾಮ್ರವನ್ನು ಅಯಸ್ಕಾಂತದ ಬಲ ಸುಮ್ಮನಿರಗೊಡುತ್ತಿರಲಿಲ್ಲ, ಪಾತಾಳದ ನೀರನ್ನು ಮೇಲಕ್ಕೆ ತಳ್ಳುವಷ್ಟು ಜೋರು ಅದಕ್ಕಿತ್ತು. ಕರೆಂಟು ಇಲ್ಲದ ತುಂಡು ದನದ ಹೊಟ್ಟೆಯಲ್ಲಿ ಅಯಸ್ಕಾಂತದ ಮಗ್ಗುಲಲ್ಲೇ ಮಲಗಿದ್ದರೂ ಅದಕ್ಕೆ ಬೇಕಾಗಲಿಲ್ಲ. ಬಾಷಾ ಸೆಲ್ಲು ಮುಟ್ಟಿಸಿ ತೋರಿಸಿದ್ದ. ನಾನು ನಕ್ಕಿದ್ದೆ. ಪಾಲಯ್ಯ ಕೋಲು ಹಿಡಿದು ಆ ಗುಂಡಿ ಕೆದಕಿದ್ದರೆ ಈ ತುಂಡುಗಳು ಅವನ ಚೀಲದಲ್ಲಿರುತ್ತಿದ್ದವು. ಅದನ್ನೂ ಬಿಡಿಸಿದವನು ನಾನೇ.

"ಆ ಎತ್ತಿಗೂ ಇದೇ ಆಗಿರಬೇಕು ಕಣ್ರಿ" ಎಂದರು ಡಾಕ್ಟರು. "ನಾಳೆನೇ ಹೋಗಿ ಯಜಮಾನರಿಗೆ ಹೇಳಿ ಬನ್ನಿ. ಆ ಹೆಣ್ಣುಮಗಳ ಹೆಸರು ಕೆಟ್ಟಿದೆ."

"ಹೇಳ್ತೀನಿ ಸರ್" ಎಂದೆ.

ಮಾರನೆಯ ದಿನ ಲಸಿಕೆ ಕಾರ್ಯಕ್ರಮ ಇತ್ತು. ಅದರ ಮಾರನೆಯ ದಿನ ಮೊಳಕಾಲ್ಮೂರಿನಲ್ಲಿ ಮೀಟಿಂಗು. ಮೂರನೆಯ ದಿನ ಬೈಕು ಹತ್ತಿ ಅರ್ಧ ದಾರಿ ಹೋಗಿ ವಾಪಸು ಬಂದೆ. ಡಾಕ್ಟರು ಕೇಳಿದಾಗ ಹೇಳಿದ್ದೇನೆ ಎಂದು ಸುಳ್ಳು ಹೇಳಿದೆ. ಆಮೇಲೆ ಅವರಿಗೆ ವರ್ಗವಾಯಿತು, ಕೇಳುವವರೂ ಇಲ್ಲವಾದರು. ಹೆದರಿಕೆ ಏನಿತ್ತು ಎಂದರೆ ಹೇಳಲು ನಾಚಿಕೆಯಾಗುತ್ತದೆ. ಕೆಲಸ ಹೋಗುತ್ತಿರಲಿಲ್ಲ, ಯಾರೂ ಹೊಡೆಯುತ್ತಿರಲಿಲ್ಲ. ಹಳ್ಳಿಗಳಲ್ಲಿ ನನ್ನ ಬೈಕಿನ ಸದ್ದು ಕೇಳಿದರೆ "ಡಾಕ್ಟ್ರು ಬಂದ್ರು" ಎಂದು ಜನ ಎದ್ದು ನಿಲ್ಲುತ್ತಿದ್ದರು. ಅಷ್ಟಕ್ಕಾಗಿ ಸುಮ್ಮನಿದ್ದೆ.

ಆಮೇಲಿನ ವರ್ಷಗಳಲ್ಲಿ ಏನೇನೋ ಬಂತು. ದನದ ಎದೆಯೊಳಗೆ ನೋಡುವ ಸ್ಕ್ಯಾನಿಂಗ್ ಬಂತು, ಮೊಬೈಲಿನಲ್ಲಿ ಫೋಟೋ ಕಳಿಸಿ ದೂರದ ಡಾಕ್ಟರನ್ನು ಕೇಳುವ ಅನುಕೂಲ ಬಂತು. ನಾನು ಮಾತ್ರ ಪ್ರತಿ ದನದ ಹೆಗಲು ಚಿವುಟಿ, ಪ್ರತಿ ಬೂದಿಗುಡ್ಡೆ ಕೆದಕಿ ನೋಡುತ್ತಿದ್ದೆ. ಜೊತೆಯವರು ನನ್ನದು ಬಹಳ ಶ್ರದ್ಧೆ ಎಂದರು. ಬೀಳ್ಕೊಡುಗೆ ಸಭೆಯಲ್ಲೂ ಅದನ್ನೇ ಹೇಳಿ ಶಾಲು ಹೊದಿಸಿದರು. ಹಾರ ತೆಗೆದು ಕುರ್ಚಿಯ ಮೇಲಿಟ್ಟು ಬಚ್ಚಲಿಗೆ ಹೋಗಿ ಅತ್ತೆ. ನಿವೃತ್ತಿಯ ದುಃಖ ಎಂದುಕೊಂಡರು.

ಹೋದ ವರ್ಷ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಗೇಟಿನಲ್ಲಿ ಪಾಲಯ್ಯ ಸಿಕ್ಕಿದ. ಅಲ್ಲಿ ವಾಚ್‌ಮನ್ ಆಗಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡವನೇ ಸ್ಟೂಲಿನಿಂದ ಎದ್ದು ನಿಂತು, "ಡಾಕ್ಟ್ರೇ, ಚೆನ್ನಾಗಿದೀರಾ?" ಎಂದ. ಅವನು ಎದ್ದು ನಿಂತದ್ದನ್ನು ನನ್ನಿಂದ ತಾಳಿಕೊಳ್ಳಲಾಗಲಿಲ್ಲ. ಅಲ್ಲೇ ಗೇಟಿನ ಪಕ್ಕ ಕೂರಿಸಿ ಎಲ್ಲ ಹೇಳಿದೆ. ತಾಮ್ರ ಎಂದೆ, ಗುಂಡಿ ಎಂದೆ, ನಡೆದಾಡಿಸಬಾರದಿತ್ತು ಎಂದೆ, ಒಂದು ತಿಂಗಳಲ್ಲೇ ನನಗೆ ಗೊತ್ತಾಗಿತ್ತು ಎಂದೂ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನೇ ನಡೆಸಿದ್ನಲ್ಲ ಸಾ" ಎಂದ. "ಓಬಿ ಏನೂ ಮಾಡಿರ್ಲಿಲ್ಲ ಅಂದಂಗಾತು" ಎಂದ. ಆಮೇಲೆ ನನ್ನ ಮೊಣಕೈ ಹಿಡಿದುಕೊಂಡು, "ಬರ್ರಿ. ಅವಳ ಮುಂದೆ ಬಂದು ಹೇಳ್ರಿ. ನಾನು ಹೇಳಿದ್ರೆ ನಂಬಲ್ಲ, ನೀವು ಹೇಳ್ರಿ. ಕರ್ಕಂಡು ಬರ್ತೀನಿ ಅವಳ್ನ" ಎಂದ. ಅವನ ಕಣ್ಣಿನಲ್ಲಿ ಆಸೆ ಬಂದದ್ದನ್ನು ನೋಡಿ ನನಗೆ ಇನ್ನೂ ಭಯವಾಯಿತು.

ಮಾರನೆಯ ದಿನ ಬಸ್ಸಿನಲ್ಲಿ ಕೊಂಡ್ಲಹಳ್ಳಿಗೆ ಹೋದೆವು. ಓಬಮ್ಮ ತಮ್ಮನ ಮನೆಯ ಪಡಸಾಲೆಯಲ್ಲಿ ಕೂತು ರಾಟೆ ತಿರುಗಿಸಿ ಮಗ್ಗದ ಕಂಡಿಕೆಗೆ ರೇಷ್ಮೆ ನೂಲು ಸುತ್ತುತ್ತಿದ್ದಳು. ನಮ್ಮನ್ನು ನೋಡಿ ರಾಟೆ ನಿಲ್ಲಿಸಿದಳು. ನನಗೆ ಚಾಪೆ ಹಾಸಿದಳು, ನೀರು ಕೊಟ್ಟಳು. ಪಾಲಯ್ಯ ಹೊಸ್ತಿಲ ಹತ್ತಿರವೇ ಕುಕ್ಕರುಗಾಲಿನಲ್ಲಿ ಕೂತ. ಹೇಳಬೇಕಾದದ್ದನ್ನು ಮತ್ತೊಮ್ಮೆ ಮೊದಲಿನಿಂದ ಹೇಳಿದೆ. "ತಪ್ಪು ನಂದು ತಾಯಿ. ನಿನ್ನದು ಏನೂ ಇರಲಿಲ್ಲ. ಅದು ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ" ಎಂದೆ.

ಪಾಲಯ್ಯ ಅಲ್ಲಿಂದಲೇ, "ಕೇಳಿದ್ಯಾ? ಈಗ ಗೊತ್ತಾತು ನಂಗೆ. ಮನೆಗೆ ಹೋಗಾನ ನಡಿ" ಎಂದ.

ಓಬಮ್ಮ ಅವನನ್ನು ನೋಡಿದಳು. ಸಿಟ್ಟಿರಲಿಲ್ಲ. "ನಂಗೆ ಅವತ್ತೇ ಗೊತ್ತಿತ್ತು" ಎಂದಳು. "ನಿನ್ ಮುಂದೆ ನಿಂತ್ಕಂಡು ಬಾಯಿ ಬಿಟ್ಟು ಹೇಳಿದ್ದೆ. ಆಣೆ ಇಟ್ಟು ಹೇಳಿದ್ದೆ. ನಾನು ಹೇಳಿದ್ದು ಸಾಲ್ಲಿಲ್ಲ ನಿಂಗೆ. ಹಸಾ ಕುಯ್ದು ತಂತಿ ತೆಗೀಬೇಕಾತು."

ಅವನು ಹೊಸ್ತಿಲ ಮೇಲೆ ಕೈಯೂರಿ ಎದ್ದು ನಿಂತ.

ಅವಳು ರಾಟೆಯ ಕಡೆ ತಿರುಗಿದಳು. ಹರಿದ ಎಳೆಯನ್ನು ಹುಡುಕಿ ಗಂಟು ಹಾಕಿದಳು. "ಡಾಕ್ಟ್ರೇ, ದೂರದಿಂದ ಬಂದೀರಿ, ಉಣ್ಣೋ ಹೊತ್ತಾಗೈತೆ. ಮುದ್ದೆ ಮಾಡ್ತೀನಿ, ಉಂಡು ಹೋಗ್ರಿ" ಎಂದಳು. ನನಗೊಬ್ಬನಿಗೇ ಹೇಳಿದಳು. ತಿರುಗಿ ನೋಡಿದರೆ ಹೊಸ್ತಿಲಲ್ಲಿ ಪಾಲಯ್ಯ ಇರಲಿಲ್ಲ. ಬಿಸಿಲಿನಲ್ಲಿ ಬಸ್ ನಿಲ್ಲುವ ಕಡೆಗೆ ನಡೆದು ಹೋಗುತ್ತಿದ್ದ.